ಮನೆಯ ಮಾತು: ಅಂಟಿನಲ್ಲಿ ನಿಂತ ಕಂಬಿ

ಕಳೆದ ತಿಂಗಳು ನಮ್ಮ ಸೋದರತ್ತೆಯವರ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯವು ಉಂಟಾಯಿತು. ಮಹಡಿಯ ಮುಂಭಾಗದ ಬಾಲ್ಕನಿಯು ಎರಡೂವರೆ ಅಡಿ ಮಾತ್ರವೇ ಅಗಲವಾಗಿದ್ದು, ಅಲ್ಲಿ ಒಂದು ಕುರ್ಚಿಯನ್ನು ಹಾಕಿದರೆ ಮನುಷ್ಯನು ತಿರುಗುವುದಕ್ಕೆ ಎಡೆಯಿರುತ್ತಿರಲಿಲ್ಲ. ಅದನ್ನು ಮುಂದಕ್ಕೆ ಇನ್ನೂ ಎರಡೂವರೆ ಅಡಿ ಬೆಳೆಸಬೇಕೆಂದು ಮನೆಯ ಯಜಮಾನರು ಸಂಕಲ್ಪಿಸಿದರು. ಮೇಸ್ತ್ರಿಯು ಬಂದು ನೋಡಿ, ಹಳೆಯ ಕಾಂಕ್ರೀಟಿನ ಅಂಚಿನಲ್ಲಿ ಸಾಲಾಗಿ ರಂಧ್ರಗಳನ್ನು ಕೊರೆದು, ಅವುಗಳಲ್ಲಿ ಅಂಟನ್ನು ತುಂಬಿ, ಹೊಸ ಕಂಬಿಗಳನ್ನು ನೆಟ್ಟು, ಅವುಗಳ ಮೇಲೆ ಹೊಸ ಕಾಂಕ್ರೀಟನ್ನು ಹಾಕುವುದಾಗಿ ಹೇಳಿದನು. ಇದನ್ನು ಕೇಳಿದ ನಮ್ಮ ಅತ್ತೆಯವರು ಒಡನೆಯೇ ನಮಗೆ ಹೇಳಿಕಳುಹಿಸಿದರು.

“ಏನಪ್ಪಾ, ನೀನು ನಾಲ್ಕಕ್ಷರ ಓದಿದವನು. ಗೋಂದಿನ ಮೇಲೆ ಮರಿಮಕ್ಕಳನ್ನು ನಿಲ್ಲಿಸುವುದು ಎಲ್ಲಾದರೂ ಉಂಟೇ?” ಎಂದು ಅವರು ಕೇಳಿದರು. ಮೇಸ್ತ್ರಿಯು ನಕ್ಕು, “ಇದು ಗೋಂದಲ್ಲ ಅಮ್ಮಾವ್ರೇ, ಕೆಮಿಕಲ್ಲು. ಕಂಬಿ ಮುರಿದೀತೇ ಹೊರತು ಕಿತ್ತು ಬರುವುದಿಲ್ಲ. ಬೇಕಾದರೆ ಒಂದನ್ನು ಹಾಕಿ ಮೇಷ್ಟ್ರ ಎದುರಿಗೇ ಎಳೆದು ತೋರಿಸುತ್ತೇನೆ” ಎಂದನು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು. ಆದರೆ ಯಾರ ಮಾತು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ತಿಳಿಯದೆ ತೀರ್ಪು ಹೇಳುವುದು ಉಚಿತವಲ್ಲವಾದುದರಿಂದ, ನಾವು ಎಂಟು ದಿನಗಳ ಅವಧಿಯನ್ನು ಕೇಳಿಕೊಂಡು ಮನೆಗೆ ಬಂದೆವು. ಆ ಎಂಟು ದಿನಗಳಲ್ಲಿ ಓದಿ ಕೇಳಿ ತಿಳಿದುಕೊಂಡುದನ್ನು ಈಗ ವಾಚಕರ ಮುಂದಿಡುತ್ತಿರುವೆವು. ಇಂದು ಊರೂರಿನಲ್ಲಿಯೂ ಹಳೆಯ ಮನೆಗೆ ಹೊಸ ಭಾಗಗಳನ್ನು ಸೇರಿಸುವ ಕೆಲಸವು ನಡೆಯುತ್ತಿರುವುದರಿಂದ, ಈ ವಿಚಾರವು ಒಂದು ಮನೆಗೆ ಮಾತ್ರ ಸಂಬಂಧಪಟ್ಟುದಲ್ಲ.

ಕಲ್ಲಿಗೆ ಅಂಟು ಹಾಕುವ ವಿದ್ಯೆಯು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಆರನೆಯ ಶತಮಾನದ ವರಾಹಮಿಹಿರಾಚಾರ್ಯರು ತಮ್ಮ ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಅಂಟಿನ ವಿಧಾನವನ್ನು ಹೇಳಿರುವರು. ತೂಪರದ ಎಳೆಗಾಯಿ, ಬೇಲದ ಕಾಯಿ, ಬೂರುಗದ ಹೂ, ಬಜೆ ಮೊದಲಾದವುಗಳನ್ನು ನೀರಿನಲ್ಲಿ ಬೇಯಿಸಿ, ಅಷ್ಟಮಾಂಶಕ್ಕೆ ಇಳಿಸಿ, ಅದಕ್ಕೆ ಗುಗ್ಗುಳವೇ ಮೊದಲಾದ ಮರದ ಅಂಟುಗಳನ್ನು ಕೂಡಿಸಿ, ಬಿಸಿಯಾಗಿರುವಾಗಲೇ ದೇವಾಲಯ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯಬೇಕೆಂದು ಅಲ್ಲಿ ವಿಧಿಸಿದೆ. ಆ ಲೇಪವು ಒಂದು ಕೋಟಿ ವರ್ಷ ಬಾಳುವುದೆಂದೂ ಆಚಾರ್ಯರು ಹೇಳಿರುವರು. ಅಂಟನ್ನು ಮಾಡುವವರು ಅದರ ಆಯುಸ್ಸನ್ನು ಹೆಚ್ಚಿಸಿ ಹೇಳುವ ವಾಡಿಕೆಯು ಎಷ್ಟು ಪುರಾತನವೆಂಬುದು ಇದರಿಂದ ವ್ಯಕ್ತವಾಗುವುದು.

ಈಗಿನ ವಜ್ರಲೇಪಕ್ಕೆ ಎಪಾಕ್ಸಿಯೆಂದು ಹೆಸರು. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಎಂಬ ರಸಾಯನಶಾಸ್ತ್ರಜ್ಞನೂ ಅಮೆರಿಕದ ಸಿಲ್ವನ್ ಗ್ರೀನ್ಲಿಯೂ 1930 ಮತ್ತು 1940ರ ದಶಕಗಳಲ್ಲಿ ಬೇರೆ ಬೇರೆಯಾಗಿ ಇದರ ಮೇಲೆ ಕೆಲಸಮಾಡಿದರು. ನಮ್ಮ ಮನೆಗಳಲ್ಲಿ ಒಡೆದ ಪಿಂಗಾಣಿಯನ್ನು ಕೂಡಿಸಲು ತರುವ ಆರಾಲ್ಡೈಟ್ ಎಂಬ ಎರಡು ಟ್ಯೂಬುಗಳ ಅಂಟು ಇದೇ ಜಾತಿಯದು. ಒಂದು ಟ್ಯೂಬಿನಲ್ಲಿರುವುದು ರಾಳ, ಇನ್ನೊಂದರಲ್ಲಿರುವುದು ಅದನ್ನು ಗಟ್ಟಿಮಾಡುವ ದ್ರವ್ಯ. ಬೇರೆಬೇರೆಯಾಗಿರುವವರೆಗೆ ಎರಡೂ ಮೆತ್ತಗಿರುವುವು. ಕೂಡಿದೊಡನೆ ಅವುಗಳ ಅಣುಗಳು ಒಂದನ್ನೊಂದು ಹಿಡಿದು ಬಲೆಯಂತೆ ಹೆಣೆದುಕೊಂಡು ಕಲ್ಲಿನಂತಾಗುವುವು. ಮೈದಾಹಿಟ್ಟಿನ ಅಂಟಿನಂತೆ ನೀರು ಆರಿ ಗಟ್ಟಿಯಾಗುವ ಕ್ರಮ ಇದಲ್ಲ. ಆದುದರಿಂದ ಎರಡು ಭಾಗಗಳ ಪ್ರಮಾಣವು ಕೆಟ್ಟರೆ, ಅಥವಾ ಚೆನ್ನಾಗಿ ಕೂಡದೆ ಹೋದರೆ, ಎಷ್ಟು ದಿನ ಕಾದರೂ ಅದು ಪೂರ್ಣಬಲವನ್ನು ಪಡೆಯಲಾರದು.

ಕಾಂಕ್ರೀಟಿನಲ್ಲಿ ಕಂಬಿಯನ್ನು ಏಕೆ ಇಡುವರೆಂಬುದನ್ನು ಇಲ್ಲಿ ಹೇಳಬೇಕು. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಡೆಯುವುದು. ಎಳೆತವನ್ನು ತಡೆಯಲಾರದೆ ಬಿರಿಯುವುದು. ಎಳೆತವನ್ನು ಹೊರುವುದಕ್ಕಾಗಿಯೇ ಉಕ್ಕಿನ ಕಂಬಿ. ಕಾಂಕ್ರೀಟು ಹಸಿಯಾಗಿರುವಾಗಲೇ ಅದರೊಳಗೆ ಕಂಬಿಯಿದ್ದರೆ, ಕಂಬಿಯ ಮೈಮೇಲಿನ ಏಣುಗಳನ್ನು ಕಾಂಕ್ರೀಟು ತಾನಾಗಿಯೇ ಕಚ್ಚಿ ಹಿಡಿಯುವುದು. ಮುಂದೆ ಮಹಡಿ ಕಟ್ಟುವ ಯೋಚನೆಯುಳ್ಳವರು ತಾರಸಿಯ ಮೇಲೆ ಕಂಬಗಳ ಕಂಬಿಯನ್ನು ಚಾಚಿ ಬಿಟ್ಟಿರುವುದನ್ನು ಎಲ್ಲರೂ ನೋಡಿರುವರು. ಆದರೆ ಮೊದಲು ಯೋಚಿಸದೆ ಇದ್ದ ಕಡೆಗಳಲ್ಲಿ, ಗಟ್ಟಿಯಾಗಿಹೋದ ಕಾಂಕ್ರೀಟಿನಲ್ಲಿ ಹೊಸದಾಗಿ ಕಂಬಿಯನ್ನು ನೆಡಬೇಕಾದಾಗ, ಈ ಅಂಟಿನ ಪ್ರಯೋಜನವು ಉಂಟಾಗುವುದು. ಸೇತುವೆಗಳ ದುರಸ್ತಿಯಲ್ಲಿಯೂ, ಭೂಕಂಪಕ್ಕೆ ಹೆದರಿ ಹಳೆಯ ಕಟ್ಟಡಗಳನ್ನು ಬಲಪಡಿಸುವಲ್ಲಿಯೂ ಇದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಆದ್ದರಿಂದ ಮೇಸ್ತ್ರಿಯು ಹೇಳಿದುದು ಕಟ್ಟುಕಥೆಯಲ್ಲ. ಯೋಗ್ಯವಾದ ಆಳದಲ್ಲಿ ಸರಿಯಾಗಿ ನೆಟ್ಟ ಕಂಬಿಯನ್ನು ಯಂತ್ರದಿಂದ ಎಳೆದರೆ, ಅಂಟು ಬಿಡುವುದಕ್ಕೆ ಮೊದಲು ಕಂಬಿಯೇ ಸೋಲುವುದುಂಟು.

ಆದರೆ ಆ ‘ಸರಿಯಾಗಿ’ ಎಂಬ ಒಂದು ಮಾತಿನಲ್ಲಿ ಬಹಳ ಕೆಲಸವು ಅಡಗಿದೆ. ಅದರ ಕ್ರಮವು ಹೀಗೆ. ಹಳೆಯ ಕಂಬಿಗಳೆಲ್ಲಿವೆಯೆಂಬುದನ್ನು ಮೊದಲು ಉಪಕರಣದಿಂದ ಗುರುತಿಸಿ, ಅವುಗಳನ್ನು ಕಡಿಯದಂತೆ ರಂಧ್ರವನ್ನು ಕೊರೆಯಬೇಕು. ರಂಧ್ರವು ಕಂಬಿಗಿಂತ ಕೆಲವೇ ಮಿಲಿಮೀಟರು ದೊಡ್ಡದಿರತಕ್ಕದ್ದು. 12 ಮಿಲಿಮೀಟರಿನ ಕಂಬಿಗೆ ಸಾಮಾನ್ಯವಾಗಿ 16 ಮಿಲಿಮೀಟರಿನ ರಂಧ್ರ. ಆಳವನ್ನು ಇಂಜಿನಿಯರು ಲೆಕ್ಕಮಾಡಿ ಹೇಳಬೇಕೇ ಹೊರತು ಮೇಸ್ತ್ರಿಯ ಗೇಣಿನ ಅಳತೆಯು ಸಾಲದು. ಅನಂತರ ರಂಧ್ರದ ತಳದಿಂದ ಗಾಳಿಯನ್ನು ಊದಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಪುನಃ ಊದಬೇಕು. ಇದನ್ನು ಒಂದಕ್ಕಿಂತ ಹೆಚ್ಚು ಬಾರಿ ಮಾಡಬೇಕು. ಅಂಟನ್ನು ತುಂಬುವ ನಳಿಗೆಯೊಳಗೆ ಎರಡು ಭಾಗಗಳೂ ಕೂಡುವುದರಿಂದ, ಮೊದಲು ಬರುವ ಸ್ವಲ್ಪ ಅಂಟನ್ನು ಬಣ್ಣವು ಒಂದೇ ಸಮನಾಗುವವರೆಗೆ ಚೆಲ್ಲಿಬಿಡಬೇಕು. ಆಮೇಲೆ ನಳಿಗೆಯನ್ನು ರಂಧ್ರದ ತಳಕ್ಕೆ ಮುಟ್ಟಿಸಿ, ಗಾಳಿಯು ಸಿಕ್ಕಿಕೊಳ್ಳದಂತೆ ಮೆಲ್ಲಮೆಲ್ಲನೆ ಹಿಂದಕ್ಕೆ ಎಳೆಯುತ್ತ ತುಂಬಬೇಕು. ಕೊನೆಗೆ ಕಂಬಿಯನ್ನು ತಿರುಚುತ್ತ ಒಳಕ್ಕೆ ನೂಕಿದಾಗ ಸ್ವಲ್ಪ ಅಂಟು ಬಾಯಿಯಿಂದ ಉಕ್ಕಿ ಬರಬೇಕು. ಬಾರದಿದ್ದರೆ ಒಳಗೆ ಟೊಳ್ಳು ಉಳಿದಿದೆಯೆಂದು ತಿಳಿಯತಕ್ಕದ್ದು. ಅಲ್ಲಿಂದ ಮುಂದೆ ಪೆಟ್ಟಿಗೆಯ ಮೇಲೆ ಬರೆದಿರುವ ಕಾಲವು ಕಳೆಯುವವರೆಗೆ ಅದನ್ನು ಯಾರೂ ಅಲುಗಾಡಿಸಕೂಡದು. ಸೆಕೆಯಲ್ಲಿ ಅಂಟು ಬೇಗ ಗಟ್ಟಿಯಾಗುವುದು, ಚಳಿಯಲ್ಲಿ ನಿಧಾನಿಸುವುದು.

ಇವುಗಳಲ್ಲಿ ಜನರು ಬಿಟ್ಟುಬಿಡುವುದು ಸಾಮಾನ್ಯವಾಗಿ ಊದುವ ಮತ್ತು ಉಜ್ಜುವ ಕೆಲಸವನ್ನೇ. ಅದರ ಫಲವನ್ನು ನಾವೇ ಕಂಡಿರುವೆವು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿತ್ತಿಲ ಮೆಟ್ಟಲಿಗೆ ಹಿಡಿಕೆಯನ್ನು ಹಾಕಿಸಿದಾಗ, ಕೆಲಸದವನು ಹೊತ್ತಾಯಿತೆಂದು ರಂಧ್ರಗಳನ್ನು ಕೊರೆದೊಡನೆಯೇ ಅಂಟನ್ನು ತುಂಬಿ ಕಂಬಿಗಳನ್ನು ನೆಟ್ಟು ಹೋದನು. ನಾವು ಪಕ್ಕದಲ್ಲಿಯೇ ಕುಳಿತು ಪತ್ರಿಕೆಯನ್ನು ಓದುತ್ತಿದ್ದೆವು. ಕೇಳಬೇಕೆಂಬುದು ನಮಗೆ ತೋರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಮೆಟ್ಟಲಿಳಿಯುವಾಗ ಕಾಲು ಜಾರಿ ನಾವು ಆ ಹಿಡಿಕೆಯನ್ನು ಹಿಡಿದೆವು. ಒಂದು ಕಂಬಿಯು ದೀಪದಿಂದ ಬತ್ತಿಯನ್ನು ಎಳೆದಂತೆ ಸಲೀಸಾಗಿ ಹೊರಕ್ಕೆ ಬಂದಿತು. ಮೊಣಕೈ ತರಚಿದುದನ್ನು ಬಿಟ್ಟರೆ ದೈವಕೃಪೆಯಿಂದ ಬೇರೆ ಕೇಡಾಗಲಿಲ್ಲ. ಆಮೇಲೆ ಆ ಕಂಬಿಯನ್ನು ನೋಡಿದರೆ, ಅಂಟು ಅದರ ಸುತ್ತಲೂ ಗಾಜಿನಂತೆ ಗಟ್ಟಿಯಾಗಿಯೇ ಇದ್ದಿತು. ಅಂಟಿನ ಹೊರಮೈಮೇಲೆ ಮಾತ್ರ ಸಿಮೆಂಟಿನ ನುಣ್ಣನೆಯ ಧೂಳು ಹಿಟ್ಟಿನಂತೆ ಹತ್ತಿದ್ದಿತು. ಅಂಟು ಧೂಳನ್ನು ಹಿಡಿದಿದ್ದಿತೇ ಹೊರತು ಕಾಂಕ್ರೀಟನ್ನು ಹಿಡಿದೇ ಇರಲಿಲ್ಲ. ತಪ್ಪು ಕೆಲಸದವನದೆಷ್ಟೋ ಪಕ್ಕದಲ್ಲಿ ಕುಳಿತು ಕೇಳದಿದ್ದ ನಮ್ಮದೂ ಅಷ್ಟೇ.

ಎಲ್ಲವನ್ನೂ ಕ್ರಮವಾಗಿ ಮಾಡಿದರೂ ಇನ್ನೊಂದು ಅಪಾಯವು ಉಳಿಯುವುದು. ಅದನ್ನು ಲೋಕಕ್ಕೆ ತಿಳಿಸಿದ ಘಟನೆಯು ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆಯಿತು. ಅಲ್ಲಿ ಬಹುದ್ರವ್ಯವನ್ನು ವ್ಯಯಮಾಡಿ ನಗರದ ಕೆಳಗೆ ಸುರಂಗಮಾರ್ಗಗಳನ್ನು ನಿರ್ಮಿಸಿದರು. ವಿಮಾನನಿಲ್ದಾಣದ ಕಡೆಗೆ ಹೋಗುವ ಒಂದು ಸುರಂಗದಲ್ಲಿ, ವಾಯುಸಂಚಾರಕ್ಕಾಗಿ ಮೇಲ್ಛಾವಣಿಯ ಕೆಳಗೆ ಕಾಂಕ್ರೀಟಿನ ಹಲಗೆಗಳ ಎರಡನೆಯ ಛಾವಣಿಯನ್ನು ತೂಗುಹಾಕಿದ್ದರು. ಅದನ್ನು ಹೊತ್ತಿದ್ದ ಉಕ್ಕಿನ ಮೊಳೆಕಂಬಿಗಳು ಮೇಲಿನ ಕಾಂಕ್ರೀಟಿನಲ್ಲಿ ಎಪಾಕ್ಸಿಯ ಅಂಟಿನಿಂದ ನಿಂತಿದ್ದುವು. 2006ನೆಯ ಇಸವಿ ಜುಲೈ 10ನೆಯ ತಾರೀಖಿನ ರಾತ್ರಿ ಸುಮಾರು ಹನ್ನೊಂದು ಗಂಟೆಗೆ ಆ ಛಾವಣಿಯ ಒಂದು ಭಾಗವು ಕಳಚಿ, ಸುಮಾರು 26 ಟನ್ನುಗಳಷ್ಟು ಭಾರವು ಕೆಳಗೆ ಹೋಗುತ್ತಿದ್ದ ಒಂದು ಕಾರಿನ ಮೇಲೂ ರಸ್ತೆಯ ಮೇಲೂ ಬಿದ್ದಿತು. ಕಾರಿನಲ್ಲಿ ದಂಪತಿಗಳಿಬ್ಬರಿದ್ದರು. ಪತ್ನಿಯು ಅಲ್ಲಿಯೇ ಮೃತಳಾದಳು. ಚಾಲಕನ ಸ್ಥಾನದಲ್ಲಿದ್ದ ಪತಿಯು ಅಲ್ಪ ಗಾಯಗಳೊಡನೆ ಉಳಿದನು.

ಅಲ್ಲಿನ ನ್ಯಾಷನಲ್ ಟ್ರಾನ್ಸ್‌ಪೋರ್ಟೇಷನ್ ಸೇಫ್ಟಿ ಬೋರ್ಡು ಒಂದು ವರ್ಷ ವಿಚಾರಣೆಯನ್ನು ನಡೆಸಿ 2007ರಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿತು. ಬಳಸಿದ್ದ ಅಂಟು ಬೇಗನೆ ಗಟ್ಟಿಯಾಗುವ ಬಗೆಯದು. ಸ್ವಲ್ಪ ಕಾಲದ ಭಾರಕ್ಕೆ ಅದು ಸಾಕಷ್ಟು ಬಲವುಳ್ಳುದೇ. ಆದರೆ ಬಿಡುವಿಲ್ಲದ ಭಾರವನ್ನು ವರ್ಷಗಟ್ಟಲೆ ಹೊರುವ ಗುಣವು ಅದಕ್ಕಿರಲಿಲ್ಲ. ಇಂಜಿನಿಯರುಗಳು ಇದನ್ನು ಕ್ರೀಪ್ ಎನ್ನುವರು, ಸಂಸ್ಕೃತದಲ್ಲಿ ಮಂದಸರಣವೆನ್ನಬಹುದು. ಪುಸ್ತಕಗಳನ್ನು ಹೊತ್ತ ತೆಳುವಾದ ಮರದ ಹಲಗೆಯು ಮೊದಲ ದಿನ ನೆಟ್ಟಗಿದ್ದು, ಭಾರವು ಒಂದಿಷ್ಟೂ ಹೆಚ್ಚದಿದ್ದರೂ, ಎರಡು ವರ್ಷಗಳಲ್ಲಿ ಹೊಟ್ಟೆ ಬಿಟ್ಟಿರುವುದನ್ನು ನಾವು ಮನೆಯಲ್ಲಿಯೇ ಕಾಣುತ್ತೇವೆ. ಅದೇ ರೀತಿಯಾಗಿ ಈ ಅಂಟು ದಿನದಿನಕ್ಕೆ ಕಣ್ಣಿಗೆ ಕಾಣದಷ್ಟು ಜಾರುತ್ತ ಹೋಗಿ, ಕಡೆಗೊಂದು ದಿನ ಕೈಬಿಟ್ಟಿತು.

ಇದರಲ್ಲಿ ನಮಗೆ ಅತ್ಯಂತ ವಿಚಾರಾರ್ಹವಾಗಿ ತೋರುವ ಸಂಗತಿಗಳು ಎರಡು. ಮೊದಲನೆಯದು, ಆ ಮೊಳೆಕಂಬಿಗಳನ್ನು ನೆಟ್ಟಾಗ ಎಳೆದು ಪರೀಕ್ಷಿಸಿದ್ದರು. ಮುಂದೆ ಹೊರಬೇಕಾಗಿದ್ದ ಭಾರಕ್ಕಿಂತ ಹೆಚ್ಚಿನ ಬಲದಿಂದ ಎಳೆದರೂ ಅವು ಬರಲಿಲ್ಲ. ಆದರೆ ಕೆಲವು ನಿಮಿಷಗಳ ಪರೀಕ್ಷೆಯು ಕೆಲವು ವರ್ಷಗಳ ನಡತೆಯನ್ನು ಹೇಳಲಾರದು. ಎರಡನೆಯದು, ಎಚ್ಚರಿಕೆಯು ಮೊದಲೇ ಸಿಕ್ಕಿದ್ದಿತು. 1999ರಲ್ಲಿಯೇ ಅದೇ ಸುರಂಗದಲ್ಲಿ ಕೆಲವು ಮೊಳೆಕಂಬಿಗಳು ಸ್ವಲ್ಪ ಸ್ವಲ್ಪ ಹೊರಕ್ಕೆ ಜಾರಿರುವುದನ್ನು ಕಂಡರು. ಅವುಗಳನ್ನು ತೆಗೆದು ಪುನಃ ನೆಟ್ಟು, ಪುನಃ ಎಳೆದು ನೋಡಿ, ಸರಿಯಾಯಿತೆಂದು ಮುಂದುವರಿದರು. ಏಕೆ ಜಾರಿದುವೆಂಬ ಪ್ರಶ್ನೆಯನ್ನು ಕೊನೆಮುಟ್ಟ ವಿಚಾರಿಸಲಿಲ್ಲ. ಶಾಲೆಯಲ್ಲಿ ಹುಡುಗನ ಲೆಕ್ಕವು ತಪ್ಪಾದಾಗ ಉತ್ತರವನ್ನು ಮಾತ್ರ ತಿದ್ದಿ, ಎಲ್ಲಿ ತಪ್ಪಿದನೆಂಬುದನ್ನು ನೋಡದೆ ಬಿಟ್ಟರೆ, ಪರೀಕ್ಷೆಯಲ್ಲಿ ಅವನು ಅದೇ ತಪ್ಪನ್ನು ಮಾಡುವನು. ಇಲ್ಲಿ ಆ ತಪ್ಪಿನ ಬೆಲೆಯು ಒಂದು ಪ್ರಾಣವಾಯಿತು.

ಜಪಾನಿನಲ್ಲಿಯೂ ಇಂಥದೇ ಒಂದು ದುರಂತವು ನಡೆಯಿತು. 2012ನೆಯ ಇಸವಿ ಡಿಸೆಂಬರ್ 2ರಂದು ಸಾಸಾಗೋ ಎಂಬ ಸುರಂಗದಲ್ಲಿ ತೂಗುಹಾಕಿದ್ದ ಕಾಂಕ್ರೀಟು ಛಾವಣಿಯು ಬಿದ್ದು ಒಂಬತ್ತು ಮಂದಿ ಸತ್ತರು. ಆ ಸುರಂಗವು 1977ರಲ್ಲಿ ತೆರೆದುದು. ಅಲ್ಲಿಯೂ ಭಾರವನ್ನು ಹೊತ್ತಿದ್ದುದು ರಾಳದ ಅಂಟಿನಲ್ಲಿ ನಿಂತ ಮೊಳೆಕಂಬಿಗಳೇ.

ಬಾಸ್ಟನ್ನಿನ ಪಾಠವು ವ್ಯರ್ಥವಾಗಲಿಲ್ಲವೆಂದು ಹೇಳಬೇಕು. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನವರು 2011ರ ತಮ್ಮ ನಿಯಮಸಂಹಿತೆಯಲ್ಲಿ ಇಂಥ ಅಂಟುಗಳಿಗೆ ಪ್ರತ್ಯೇಕ ವಿಧಿಗಳನ್ನು ಸೇರಿಸಿದರು. ನಿರಂತರವಾದ ಎಳೆತವಿರುವ ಕಡೆ ಅಂಟಿನ ಬಲವನ್ನು ಬಹುಮಟ್ಟಿಗೆ ತಗ್ಗಿಸಿಯೇ ಲೆಕ್ಕಮಾಡಬೇಕು. ಕಾಂಕ್ರೀಟು ಹಾಕಿ 21 ದಿನಗಳಾದರೂ ಆಗಿರಬೇಕು. ಅಡ್ಡಲಾಗಿ ಅಥವಾ ಮೇಲ್ಮುಖವಾಗಿ ಕೊರೆದ ರಂಧ್ರಗಳಲ್ಲಿ ನಿರಂತರ ಎಳೆತಕ್ಕೆ ಗುರಿಯಾಗುವಂತೆ ನೆಡುವ ಕೆಲಸವನ್ನು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರವನ್ನು ಪಡೆದವನೇ ಮಾಡಬೇಕು. ಕೆಳಮುಖವಾದ ರಂಧ್ರದಲ್ಲಿ ಅಂಟು ತಾನಾಗಿ ತಳಕ್ಕಿಳಿದು ನಿಲ್ಲುವುದು. ಮೇಲ್ಮುಖವಾದುದರಲ್ಲಿ ಅದು ಸೋರುವುದು, ಗಾಳಿಯು ಒಳಗೆ ಉಳಿಯುವುದು; ಆದುದರಿಂದಲೇ ಈ ವಿಧಿ.

ಶಾಖದ ವಿಷಯವೊಂದುಂಟು. ಉಕ್ಕು ತನ್ನ ಬಲದಲ್ಲಿ ಅರ್ಧವನ್ನು ಕಳೆದುಕೊಳ್ಳಬೇಕಾದರೆ 550 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿನ ಶಾಖವು ಬೇಕು. ಎಪಾಕ್ಸಿಗಳಲ್ಲಿ ಹಲವು, ನೀರು ಕುದಿಯುವ ಶಾಖಕ್ಕಿಂತ ಕಡಿಮೆಯಲ್ಲಿಯೇ ಮೆತ್ತಗಾಗಲು ತೊಡಗುವುವು. ಮನೆಗೆ ಬೆಂಕಿ ಬಿದ್ದಾಗ ಕಂಬಿಯು ಗಟ್ಟಿಯಾಗಿದ್ದರೂ ಅಂಟು ಸೋಲಬಹುದೆಂಬುದನ್ನು ಮರೆಯಬಾರದು.

ಎಂಟನೆಯ ದಿನ, ಇಂಜಿನಿಯರಾಗಿರುವ ನಮ್ಮ ಹಳೆಯ ಶಿಷ್ಯನೊಬ್ಬನನ್ನು ಕರೆದುಕೊಂಡು ನಾವು ಅತ್ತೆಯವರ ಮನೆಗೆ ಹೋದೆವು. ಅವನು ಬಾಲ್ಕನಿಯನ್ನು ಮೇಲೆ ಕೆಳಗೆ ನೋಡಿ, ಮೇಸ್ತ್ರಿಗೆ ಗೌರವದಿಂದಲೇ ಎರಡು ಮಾತು ಹೇಳಿದನು. “ಮೇಸ್ತ್ರಿಗಳೇ, ಕೆಳಗೆ ಕಂಬವಿಲ್ಲದೆ ಮುಂದಕ್ಕೆ ಚಾಚಿದ ಹಲಗೆಯಲ್ಲಿ ಮೇಲುಗಡೆಯ ಕಂಬಿಯನ್ನು ಭಾರವು ಹಗಲೂ ರಾತ್ರಿಯೂ ಎಳೆಯುತ್ತಲೇ ಇರುತ್ತದೆ. ನೀವು ಒಂದು ಗಳಿಗೆ ಎಳೆದು ತೋರಿಸಬಹುದು. ಅದು ಮೂವತ್ತು ವರ್ಷ ಎಳೆಯುತ್ತದೆ. ಇದು ಒಂದು ಮಾತು. ಅಂಟು ಎಷ್ಟೇ ಒಳ್ಳೆಯದಾದರೂ ಇನ್ನೊಂದು ತೊಡಕುಂಟು. ಚಾಚಿದ ಉದ್ದವು ಎರಡು ಮಡಿಯಾದರೆ, ಬುಡದಲ್ಲಿ ಅದನ್ನು ಬಗ್ಗಿಸುವ ಬಲವು ನಾಲ್ಕು ಮಡಿಯಾಗುತ್ತದೆ. ಹಳೆಯ ಬುಡದಲ್ಲಿರುವ ಕಂಬಿಯನ್ನು ಎರಡೂವರೆ ಅಡಿಗೆಂದು ಹಾಕಿದ್ದಾರೆ; ಐದು ಅಡಿಯನ್ನು ಅದು ಹೊರಲಾರದು.” ಮೇಸ್ತ್ರಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುಡದ ಲೆಕ್ಕವನ್ನು ನಾನು ನೋಡಲಿಲ್ಲ ಸ್ವಾಮಿ” ಎಂದು ಒಪ್ಪಿಕೊಂಡನು. ಹೀಗೆ ಒಪ್ಪಿಕೊಳ್ಳುವ ಕೆಲಸಗಾರನು ದೊರೆಯುವುದು ಯಜಮಾನನ ಭಾಗ್ಯವೆಂದು ನಮ್ಮ ಅಭಿಪ್ರಾಯ.

ಕೊನೆಗೆ ಹೊಸ ಭಾಗವು ನೆಲದಿಂದ ಎದ್ದ ತನ್ನದೇ ಕಂಬಗಳ ಮತ್ತು ತೊಲೆಗಳ ಮೇಲೆ ನಿಲ್ಲಬೇಕೆಂದು ತೀರ್ಮಾನವಾಯಿತು. ಖರ್ಚು ಹೆಚ್ಚಾಯಿತು, ಅಂಗಳದಲ್ಲಿ ಎರಡು ಗುಲಾಬಿಯ ಗಿಡಗಳನ್ನು ಕಿತ್ತು ಬೇರೆಡೆಗೆ ನೆಡಬೇಕಾಯಿತು. ಯಜಮಾನರಿಗೆ ಸ್ವಲ್ಪ ಅಸಮಾಧಾನವಾದರೂ ಮಾತಾಡಲಿಲ್ಲ. ಅಂಟಿಗೂ ಅವಕಾಶವು ದೊರೆಯಿತು. ತಾರಸಿಯ ಸುತ್ತಿನ ಗೋಡೆಗೆ ಬಲವಾಗಿ ಸಣ್ಣ ಕಂಬಗಳನ್ನು ಎಬ್ಬಿಸಬೇಕಾಗಿದ್ದಿತು. ಅಲ್ಲಿ ರಂಧ್ರಗಳು ಕೆಳಮುಖ. ಭಾರವು ಕಂಬಿಯನ್ನು ಸದಾ ಎಳೆಯುವಂಥದಲ್ಲ. ಆ ಕೆಲಸಕ್ಕೆ ಅಂಟು ಯೋಗ್ಯವೆಂದು ಶಿಷ್ಯನು ಆಳವನ್ನು ಲೆಕ್ಕಮಾಡಿ ಬರೆದುಕೊಟ್ಟನು.

ಮನೆಯಲ್ಲಿ ತೂಗುಯ್ಯಾಲೆಯನ್ನು ಹಾಕಿಸಬಯಸುವವರಿಗೂ ಇದೇ ಸಂದರ್ಭದಲ್ಲಿ ಒಂದು ಮಾತು ಹೇಳಬೇಕು. ಹಿಂದೆ ತೊಲೆಗೆ ಬಳೆಯನ್ನು ತೂರಿಸಿ, ಅಥವಾ ತಾರಸಿಯನ್ನು ಹಾಕುವಾಗಲೇ ಕಂಬಿಗೆ ಕೊಕ್ಕೆಯನ್ನು ಕಟ್ಟಿ ಬಿಡುತ್ತಿದ್ದರು. ಈಗ ಕಟ್ಟಿ ಮುಗಿದ ಮನೆಯನ್ನು ಕೊಳ್ಳುವವರು ಹೆಚ್ಚಾಗಿ, ಛಾವಣಿಯಲ್ಲಿ ರಂಧ್ರವನ್ನು ಕೊರೆದು ಅಂಟಿನಿಂದ ಕೊಕ್ಕೆಯನ್ನು ನಿಲ್ಲಿಸುವುದು ಕಂಡುಬರುತ್ತಿದೆ. ಮೇಲ್ಮುಖವಾದ ರಂಧ್ರ, ಬಿಡದ ಎಳೆತ, ಕೆಳಗೆ ಕುಳಿತ ಮನುಷ್ಯರು: ಬಾಸ್ಟನ್ನಿನಲ್ಲಿದ್ದ ಮೂರೂ ಇಲ್ಲಿವೆ. ಇದನ್ನು ಇಂಜಿನಿಯರಿಗೆ ತೋರಿಸದೆ ಮಾಡಿಸಲೇಬಾರದು. ನೆಲದ ಮೇಲೆ ತನ್ನ ಕಾಲಿನಲ್ಲಿ ತಾನೇ ನಿಲ್ಲುವ ಉಯ್ಯಾಲೆಯ ಚೌಕಟ್ಟು ಇದಕ್ಕಿಂತ ಲೇಸು.

ಅಂಟಿನ ಕೆಲಸವನ್ನು ಮಾಡಿಸುವ ಗೃಹಸ್ಥರೂ ಗೃಹಿಣಿಯರೂ ಕೆಲಸದವನನ್ನು ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಈ ಅಂಟು ಬಿಡದೆ ಎಳೆಯುವ ಭಾರಕ್ಕೆ ಒಪ್ಪಿಗೆಯಾದುದೆಂದು ಅದನ್ನು ಮಾಡಿದವರು ಬರೆದಿರುವರೇ? ಪೆಟ್ಟಿಗೆಯ ಮೇಲಿನ ಅವಧಿಯು ಮುಗಿದಿಲ್ಲವಷ್ಟೆ? ರಂಧ್ರದ ಆಳವನ್ನು ಗೊತ್ತುಮಾಡಿದವರು ಯಾರು? ರಂಧ್ರವನ್ನು ಊದಿ ಉಜ್ಜಿದುದಾಯಿತೇ? ಎಷ್ಟು ಹೊತ್ತು ಮುಟ್ಟದೆ ಬಿಡಬೇಕು? ಗಟ್ಟಿಯಾಗದ ಎಪಾಕ್ಸಿಯು ಚರ್ಮಕ್ಕೆ ತಗುಲಿದರೆ ತುರಿಕಜ್ಜಿಯು ಏಳುವ ಸಂಭವವಿರುವುದರಿಂದ, ಕೆಲಸದವರು ಕೈಚೀಲವನ್ನು ಧರಿಸಿರುವರೇ ಎಂಬುದನ್ನೂ ನೋಡಬೇಕು. ಅವರೂ ಮಕ್ಕಳೊಂದಿಗರು.

ಮೊನ್ನೆ ನಾವು ಹೋಗಿದ್ದಾಗ ತಾರಸಿಯ ಮೇಲೆ ಆ ಕೆಲಸವು ನಡೆಯುತ್ತಿದ್ದಿತು. ಎಂಬತ್ತು ದಾಟಿದ ನಮ್ಮ ಅತ್ತೆಯವರು ಮೆಟ್ಟಲನ್ನು ಹತ್ತಿ ಬಂದು, ನೆರಳಿನಲ್ಲಿ ಕುರ್ಚಿಯನ್ನು ಹಾಕಿಸಿಕೊಂಡು ಕುಳಿತಿದ್ದರು. ಪ್ರತಿಯೊಂದು ರಂಧ್ರಕ್ಕೂ “ಊದಿದೆಯೇನಪ್ಪಾ?” ಎಂದು ಕೇಳುತ್ತಿದ್ದರು. ಮೇಸ್ತ್ರಿಯು, “ಎರಡು ಸಲ ಊದಿದೆ, ಎರಡು ಸಲ ಉಜ್ಜಿದೆ, ಮತ್ತೆ ಊದಿದೆ ಅಮ್ಮಾವ್ರೇ” ಎಂದು ಉತ್ತರಕೊಡುತ್ತಿದ್ದನು. ಇಪ್ಪತ್ತನಾಲ್ಕು ರಂಧ್ರಗಳಿಗೂ ಹೀಗೆಯೇ ನಡೆಯಿತು. ನಮ್ಮ ಹಿತ್ತಿಲಿನ ಮೆಟ್ಟಲ ಬಳಿ ಅಂದು ನಾವು ಮಾಡಬೇಕಾಗಿದ್ದುದೂ ಇಷ್ಟೇ ಎಂದು ನೆನೆದು, ನಾವು ಪತ್ರಿಕೆಯನ್ನು ಮಡಿಸಿಟ್ಟು ಅವರ ಪಕ್ಕದಲ್ಲಿ ಕುಳಿತೆವು.